ಉಸಿರಾಡುವ ಮರ, ಉದುರುವ ಬಣ್ಣ

ಅಮೆರಿಕದ ಲಾಸ್ ಏಂಜಲೀಸ್ ನಗರದ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಸಂತ ನಿಂತಿದ್ದಾನೆ. ಎತ್ತರ ಸುಮಾರು 176 ಸೆಂಟಿಮೀಟರ್, ಅಂದರೆ ಆಳೆತ್ತರ. ಮೈಮೇಲೆ ಚಿನ್ನದ ಹೂಬಳ್ಳಿಗಳ ನಿಲುವಂಗಿ. ದೀಪದ ಬೆಳಕು ಬಿದ್ದಾಗ ಕಣ್ಣಿನಲ್ಲಿ ಹಸಿ ಹೊಳಪು. ದೂರದಿಂದ ನೋಡಿದವರಿಗೆ ಯಾರೋ ಮನುಷ್ಯ ನಿಂತಂತೆಯೇ ಕಾಣುತ್ತದೆ. ಹತ್ತಿರ ಹೋದರೆ ತಿಳಿಯುತ್ತದೆ: ಕಣ್ಣು ಗಾಜಿನದು, ಮೈ ಪೈನ್ ಮತ್ತು ಸೀಡರ್ ಮರದ್ದು, ರೇಷ್ಮೆಯಂತೆ ಕಾಣುವ ಬಟ್ಟೆ ಬರೀ ಬಣ್ಣ.

ಈತನ ಹೆಸರು ಸಂತ ಹಿನೆಸ್ ದೆ ಲಾ ಹಾರಾ. ಸ್ಪೇನಿನ ಆಗ್ನೇಯ ಕರಾವಳಿಯ ಕಾರ್ತಹೇನಾ ಪಟ್ಟಣದ ಬಳಿ ಏಕಾಂತವಾಸಿಯಾಗಿ ಬದುಕಿದನೆಂದು ಐತಿಹ್ಯ ಹೇಳುವ ಸಂತ. ಶಿಲ್ಪ ತಯಾರಾದದ್ದು 1692ರ ಸುಮಾರಿಗೆ. ಕೆತ್ತಿದವಳು ಲುಯಿಸಾ ರೊಲ್ದಾನ್ ಎಂಬ ಮಹಿಳೆ.

ಮುನ್ನೂರು ವರ್ಷ ದಾಟಿದ ಮರ ಇನ್ನೂ ಬಣ್ಣ ಉಳಿಸಿಕೊಂಡು ನಿಂತಿರುವುದು ಹೇಗೆ? ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನೂ ಬೇಸಿಗೆ ಬಂದಾಗ ಅದೇ ಬಾಗಿಲು ಸಲೀಸಾಗಿ ತೆರೆಯುವುದನ್ನೂ ಎಲ್ಲರೂ ನೋಡಿದ್ದಾರೆ. ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟುಕೊಟ್ಟು ಕುಗ್ಗುತ್ತದೆ. ಹೀಗೆ ಅಲುಗಾಡುವ ವಸ್ತುವಿನ ಮೇಲೆ ಅಲುಗಾಡದ ಬಣ್ಣವನ್ನು ಕೂರಿಸುವುದು ಹೇಗೆಂಬುದು ಆ ಕಾಲದ ಕುಶಲಕರ್ಮಿಗಳ ಮುಂದಿದ್ದ ಪ್ರಶ್ನೆ. ಉದುರತೊಡಗಿದ ಆ ಬಣ್ಣವನ್ನು ಹಿಡಿದು ನಿಲ್ಲಿಸುವುದು ಹೇಗೆಂಬುದು ಇಂದಿನ ಸಂರಕ್ಷಣಾ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಮರವೇ ಏಕೆ?

ಹದಿನೇಳನೆಯ ಶತಮಾನದಿಂದ ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಯೂರೋಪಿನಲ್ಲಿ ಹಬ್ಬಿದ್ದ ಕಲಾಶೈಲಿಗೆ ಬರೋಕ್ ಎಂದು ಹೆಸರು. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಧರ್ಮಸಭೆಯು, ಚಿತ್ರ ಮತ್ತು ಮೂರ್ತಿಗಳ ಮೂಲಕ ಜನರಿಗೆ ಧರ್ಮಬೋಧೆ ಮಾಡುವುದು ಯೋಗ್ಯವೆಂದು ಎತ್ತಿ ಹಿಡಿದಿತ್ತು. ಓದು ಬರಹ ಬಾರದ ಭಕ್ತನಿಗೂ ಸಂತನ ನೋವು, ಕರುಣೆ ನೇರವಾಗಿ ತಟ್ಟಬೇಕು ಎಂಬುದು ಆಶಯ. ಅದಕ್ಕೆ ಬಿಳಿಯ ಅಮೃತಶಿಲೆಗಿಂತ ಮೈಬಣ್ಣ ಬಳಿದ ಮರ ಹೆಚ್ಚು ಹೊಂದುತ್ತಿತ್ತು. ಇನ್ನೊಂದು ಕಾರಣ ತೂಕ. ಸೆವಿಲ್ಯಾದಂಥ ಊರುಗಳಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ವಾರ ಮೂರ್ತಿಗಳನ್ನು ಹೆಗಲ ಮೇಲೆ ಹೊತ್ತು ಬೀದಿ ಮೆರವಣಿಗೆ ಮಾಡುವ ಪದ್ಧತಿ ಇಂದಿಗೂ ಇದೆ. ಕಲ್ಲಿನ ಮೂರ್ತಿಯನ್ನು ಹಾಗೆ ಗಂಟೆಗಟ್ಟಲೆ ಹೊರಲಾಗದು.

ಲುಯಿಸಾ ರೊಲ್ದಾನ್ ಹುಟ್ಟಿದ್ದು ಈ ಸೆವಿಲ್ಯಾದಲ್ಲೇ, 1652ರಲ್ಲಿ. ತಂದೆ ಪೆದ್ರೊ ರೊಲ್ದಾನ್ ಹೆಸರಾಂತ ಶಿಲ್ಪಿ. ಮಗಳು ಅಪ್ಪನ ಕಾರ್ಯಾಗಾರದಲ್ಲೇ ಉಳಿ ಹಿಡಿದು ಕಲಿತಳು. 1671ರಲ್ಲಿ ತಂದೆಗೆ ಇಷ್ಟವಿಲ್ಲದಿದ್ದರೂ ಲುಯಿಸ್ ಆಂತೋನಿಯೊ ದೆ ಲೋಸ್ ಆರ್ಕೋಸ್ ಎಂಬ ಶಿಲ್ಪಿಯನ್ನು ಮದುವೆಯಾದಳು. ಮುಂದೆ ಮ್ಯಾಡ್ರಿಡ್ ಸೇರಿ, 1692ರಲ್ಲಿ ದೊರೆ ಎರಡನೆಯ ಚಾರ್ಲ್ಸ್‌ನ ಆಸ್ಥಾನ ಶಿಲ್ಪಿಯಾದಳು. ಆಕೆಯ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದವನು ಮೈದುನ ತೋಮಾಸ್. ಸಂತ ಹಿನೆಸ್‌ನ ಬಣ್ಣಗಾರಿಕೆಯೂ ಆತನದೇ ಎನ್ನಲಾಗಿದೆ.

ಕೆತ್ತುವವರೊಬ್ಬರು, ಬಣ್ಣ ಹಚ್ಚುವವರು ಮತ್ತೊಬ್ಬರು ಎಂಬುದು ಆಗಿನ ವೃತ್ತಿಸಂಘಗಳ ಕಟ್ಟಳೆಯಾಗಿತ್ತು. ಎರಡು ಕಸುಬಿಗೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಪರವಾನಗಿ. ಸೆವಿಲ್ಯಾದ ಖ್ಯಾತ ಶಿಲ್ಪಿ ಮಾರ್ತಿನೆಸ್ ಮೊಂತಾನ್ಯೆಸ್ ಎರಡೂ ಕೆಲಸದ ಗುತ್ತಿಗೆಯನ್ನು ತಾನೇ ಹಿಡಿದಾಗ, ಚಿತ್ರಕಾರ ಫ್ರಾನ್ಸಿಸ್ಕೊ ಪಾಚೆಕೊ ಅದನ್ನು ವಿರೋಧಿಸಿ 1622ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿದ. ಜಗತ್ಪ್ರಸಿದ್ಧ ಚಿತ್ರಕಾರ ವೆಲಾಸ್ಕೆಸ್‌ನ ಗುರುವೂ ಮಾವನೂ ಆದ ಪಾಚೆಕೊ ಸ್ವತಃ ಮರದ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದ. ಅವನು ತೀರಿಕೊಂಡ ನಂತರ 1649ರಲ್ಲಿ ಅಚ್ಚಾದ ಚಿತ್ರಕಲೆಯ ಗ್ರಂಥದಲ್ಲಿ ಈ ಕೆಲಸದ ವಿಧಾನಗಳು ಬರಹದಲ್ಲಿ ಉಳಿದುಬಂದಿವೆ.

ಟೊಳ್ಳು ಮಾಡುವ ಜಾಣತನ

ಮರದ ಹಿಗ್ಗು ಕುಗ್ಗು ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುವುದಿಲ್ಲ. ಹಸಿಮರ ಪೂರ್ತಿ ಒಣಗುವಾಗ ಉದ್ದಕ್ಕೆ ಕುಗ್ಗುವುದು ಶೇಕಡಾ 0.1ರ ಆಸುಪಾಸು ಮಾತ್ರ. ತಿರುಳಿನಿಂದ ತೊಗಟೆಯ ಕಡೆಗೆ ಶೇಕಡಾ 4ರಷ್ಟು, ವಾರ್ಷಿಕ ಉಂಗುರಗಳ ಗುಂಟ ಶೇಕಡಾ 8ರಷ್ಟು ಕುಗ್ಗುವುದು ಸಾಮಾನ್ಯ. ಮರದ ಜಾತಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ಉಂಗುರದ ಗುಂಟ ಕುಗ್ಗಬೇಕಾದ ಹೊರಭಾಗವನ್ನು ಅಷ್ಟಾಗಿ ಕುಗ್ಗದ ಒಳಭಾಗ ತಡೆಯುತ್ತದೆ. ಆ ಎಳೆದಾಟದಲ್ಲಿ ತೊಗಟೆಯ ಕಡೆಯಿಂದ ತಿರುಳಿನವರೆಗೂ ಸೀಳು ಬೀಳುತ್ತದೆ. ಸೌದೆ ರಾಶಿಯಲ್ಲಿನ ದುಂಡು ಕೊರಡುಗಳ ತುದಿಯನ್ನು ಗಮನಿಸಿದರೆ ನಕ್ಷತ್ರದಂತೆ ಹರಡಿದ ಸೀಳುಗಳು ಕಾಣುತ್ತವೆ.

ಹಾಗಾಗಿ ಶಿಲ್ಪಿಗಳು ಇಡೀ ದಿಮ್ಮಿಯಿಂದ ಮೂರ್ತಿ ಕಡೆಯುವುದನ್ನು ಆದಷ್ಟೂ ತಪ್ಪಿಸುತ್ತಿದ್ದರು. ಚೆನ್ನಾಗಿ ಒಣಗಿದ ಮರದ ತುಂಡುಗಳನ್ನು ಎಳೆಗಳು ಒಂದೇ ದಿಕ್ಕಿಗೆ ಬರುವಂತೆ ಅಂಟಿಸಿ, ಒಳಗನ್ನು ಪೆಟ್ಟಿಗೆಯಂತೆ ಟೊಳ್ಳು ಬಿಡುತ್ತಿದ್ದರು. ಇದರಿಂದ ತೂಕವೂ ಇಳಿಯಿತು, ಸೀಳುವ ಭಯವೂ ಕಡಿಮೆಯಾಯಿತು. ತಲೆ ಮತ್ತು ಕೈಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುವುದು ವಾಡಿಕೆ. ಗಾಜಿನ ಕಣ್ಣು ಇಡಬೇಕಾದರೆ ಮುಖವನ್ನು ಮುಖವಾಡದಂತೆ ಕೊಯ್ದು ತೆಗೆದು, ಹಿಂದಿನಿಂದ ಕಣ್ಣು ಕೂರಿಸಿ, ಮತ್ತೆ ಅಂಟಿಸುತ್ತಿದ್ದರು. ಗ್ರೆಗೋರಿಯೊ ಫೆರ್ನಾಂದೆಸ್ ಎಂಬ ಶಿಲ್ಪಿ ಕ್ರಿಸ್ತನ ಮೂರ್ತಿಗಳಲ್ಲಿ ಉಗುರಿಗೆ ಕೊಂಬಿನ ಚೂರನ್ನೂ ಗಾಯದ ಹೆಪ್ಪಿಗೆ ಕಾರ್ಕ್ ಮರದ ತೊಗಟೆಯನ್ನೂ ಬಳಸಿದ್ದಾನೆ.

ಪದರದ ಮೇಲೆ ಪದರ

ಕೆತ್ತನೆ ಮುಗಿದ ಮೂರ್ತಿ ಬಣ್ಣಗಾರನ ಕೈಗೆ ಬರುತ್ತಿತ್ತು. ಮೊದಲ ಕೆಲಸ, ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟನ್ನು ಬಿಸಿಯಾಗಿ ಬಳಿಯುವುದು. ಅದಕ್ಕೆ ಬೆಳ್ಳುಳ್ಳಿಯನ್ನೂ ಬೆರೆಸುತ್ತಿದ್ದರು. ಕೀಲುಗಳ ಮೇಲೆ ನಾರುಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಮರ ಅಲುಗಿದರೆ ಬಟ್ಟೆ ಸ್ವಲ್ಪಮಟ್ಟಿಗೆ ಆ ಅಲುಗಾಟವನ್ನು ತಡೆದುಕೊಳ್ಳಲಿ ಎಂದು.

ನಂತರ ಜಿಪ್ಸಂ. ಇದರ ರಸಾಯನಶಾಸ್ತ್ರ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಪರಿಚಿತ. ಜಿಪ್ಸಂ ಎಂದರೆ ಪ್ರತಿ ಅಣುವಿಗೂ ಎರಡು ಅಣು ನೀರನ್ನು ಕಟ್ಟಿಕೊಂಡಿರುವ ಕ್ಯಾಲ್ಸಿಯಂ ಸಲ್ಫೇಟ್. ಅದನ್ನು ಹದವಾಗಿ ಸುಟ್ಟರೆ ನೀರಿನ ಮುಕ್ಕಾಲು ಭಾಗ ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ನೀರು ಬೆರೆಸಿದರೆ ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಆದರೆ ಬಹಳಷ್ಟು ನೀರಿನಲ್ಲಿ ಹಾಕಿ ದಿನಗಟ್ಟಲೆ ಕಲಕುತ್ತಲೇ ಇದ್ದರೆ? ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳಲು ಅವಕಾಶ ಸಿಗದೆ, ಬೆಣ್ಣೆಯಂಥ ನುಣುಪು ಪುಡಿಯಾಗಿ ತಳದಲ್ಲಿ ಉಳಿಯುತ್ತವೆ. ಸ್ಪೇನಿನ ಕುಶಲಕರ್ಮಿಗಳು ಮೊದಲು ಒರಟು ಜಿಪ್ಸಮ್ಮನ್ನೂ ಅದರ ಮೇಲೆ ಹೀಗೆ ತಯಾರಿಸಿದ ನಯವಾದ ಜಿಪ್ಸಮ್ಮನ್ನೂ ಅಂಟಿನಲ್ಲಿ ಕಲಸಿ ಹಲವು ಸಲ ಬಳಿಯುತ್ತಿದ್ದರು. ಮರದ ಎಳೆ, ಉಳಿಯ ಗುರುತು ಎಲ್ಲ ಮುಚ್ಚಿ ದಂತದಂಥ ನುಣುಪು ಬರುತ್ತಿತ್ತು.

ಬಟ್ಟೆಯ ಭಾಗಕ್ಕೆ ಇದರ ಮೇಲೆ ಕೆಂಪು ಜೇಡಿಮಣ್ಣಿನ ಲೇಪ. ಕಬ್ಬಿಣದ ಆಕ್ಸೈಡ್ ಇರುವ ಈ ಮಣ್ಣು ಚಿನ್ನಕ್ಕೆ ಬೆಚ್ಚನೆಯ ಹೊಳಪು ಕೊಡುತ್ತದೆ. ಅದರ ಮೇಲೆ ಚಿನ್ನದ ರೇಕು. ಅದರ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಉಸಿರು ತಾಗಿದರೂ ಹಾರಿಹೋಗುತ್ತದೆ. ನಯವಾದ ಅಗೇಟ್ ಕಲ್ಲಿನಿಂದ ಅದನ್ನು ಉಜ್ಜಿ ಮಿರುಗುವಂತೆ ಮಾಡುತ್ತಿದ್ದರು.

ಇಷ್ಟು ಕಷ್ಟಪಟ್ಟು ಹಚ್ಚಿದ ಚಿನ್ನವನ್ನು ಮುಂದಿನ ಹಂತದಲ್ಲಿ ಮೊಟ್ಟೆಯಲ್ಲಿ ಕಲಸಿದ ಬಣ್ಣದಿಂದ ಮುಚ್ಚಿಬಿಡುತ್ತಿದ್ದರು! ಬಣ್ಣ ಒಣಗಿದ ಮೇಲೆ ಮರದ ಮೊನೆಯಿಂದ ಗೆರೆ ಗೆರೆಯಾಗಿ ಕೆರೆಯುತ್ತಿದ್ದರು. ಕೆರೆದಲ್ಲೆಲ್ಲ ಒಳಗಿನ ಚಿನ್ನ ಇಣುಕಿ, ಜರತಾರಿ ನೇಯ್ಗೆಯಂತೆ ಕಾಣುತ್ತಿತ್ತು. ಬೆಲೆಬಾಳುವ ಬಟ್ಟೆ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಈ ವಿಧಾನಕ್ಕೆ ಎಸ್ತೊಫಾದೊ ಎಂಬ ಹೆಸರು ಬಂತು. ಸಂತ ಹಿನೆಸ್‌ನ ನಿಲುವಂಗಿಯ ಹೂಬಳ್ಳಿಗಳು ಮೂಡಿರುವುದು ಹೀಗೆಯೇ.

ಮುಖ ಮತ್ತು ಕೈಗಳಿಗೆ ಬೇರೆ ಕ್ರಮ. ಅಲ್ಲಿ ಸೀಸದ ಬಿಳುಪಿಗೆ ಕೆಂಪು ಬೆರೆಸಿ ಎಣ್ಣೆಯಲ್ಲಿ ಕಲಸಿದ ಮೈಬಣ್ಣ. ಕೆಲವರು ಅದನ್ನು ಕುರಿಯ ಮೂತ್ರಕೋಶದ ತೆಳು ಪೊರೆಯಿಂದ ಉಜ್ಜಿ ಪಿಂಗಾಣಿಯಂತೆ ಹೊಳೆಸುತ್ತಿದ್ದರು. ನಿಜವಾದ ಚರ್ಮ ಹಾಗೆ ಹೊಳೆಯುವುದಿಲ್ಲ, ಹೊಳಪಿಲ್ಲದ ಬಣ್ಣವೇ ಲೇಸು ಎಂಬುದು ಪಾಚೆಕೊನ ವಾದ.

ನೋಡುವವರ ಕಣ್ಣಿಗೆ ಕಾಣುವುದು ಮೇಲಿನ ಒಂದು ಪದರ ಮಾತ್ರ. ಅದರ ಅಡಿಯಲ್ಲಿ ಚಿನ್ನ, ಮಣ್ಣು, ಜಿಪ್ಸಂ, ಅಂಟು, ಮರ ಒಂದರ ಕೆಳಗೊಂದು ಇವೆ. ಕೆಲಸ ಎಷ್ಟು ಚೆನ್ನಾಗಿದ್ದರೂ ಇವುಗಳಲ್ಲಿ ಪ್ರತಿಯೊಂದರ ಸ್ವಭಾವ ಬೇರೆ. ಕೇಡು ಶುರುವಾಗುವುದು ಇಲ್ಲಿಂದಲೇ.

ಕೇಡು ಬರುವ ದಾರಿಗಳು

ಗಾಳಿ ಒಣಗಿದಾಗ ಮರ ಅಡ್ಡಕ್ಕೆ ಕುಗ್ಗುತ್ತದೆ. ಮೇಲಿನ ಜಿಪ್ಸಂ ಪದರ ಅಷ್ಟು ಕುಗ್ಗುವುದಿಲ್ಲ. ಜಾಗ ಸಾಲದೆ ಅದು ಮೇಲೆದ್ದು, ಡೇರೆಯಂತೆ ಉಬ್ಬುತ್ತದೆ. ಮತ್ತೆ ತೇವ ಬಂದಾಗ ಮರ ಹಿಗ್ಗಿ ಅದೇ ಪದರವನ್ನು ಎಳೆದು ಬಿರುಕು ಬಿಡಿಸುತ್ತದೆ. ಹಲವು ವರ್ಷ ಹೀಗೆ ನಡೆದ ಮೇಲೆ ಒಂದು ದಿನ ಆ ಚೂರು ಚಿನ್ನದ ಸಮೇತ ಕೆಳಗೆ ಬೀಳುತ್ತದೆ. ತಣ್ಣನೆಯ ಹಳೆಯ ಚರ್ಚುಗಳಲ್ಲಿ ಪ್ರಾರ್ಥನೆಗೆ ಬಂದವರಿಗೆ ಚಳಿಯಾಗದಿರಲೆಂದು ಬಿಸಿಗಾಳಿಯ ಯಂತ್ರ ಹಚ್ಚುವುದೂ ಇಂಥ ಹಾನಿಗೆ ಒಂದು ಕಾರಣ. ನೂರಾರು ವರ್ಷ ನಿಧಾನವಾಗಿ ಏರಿಳಿದ ತೇವ ಅರ್ಧ ಗಂಟೆಯಲ್ಲಿ ಕುಸಿದರೆ ಮರಕ್ಕೆ ಹೊಂದಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಇಂತಿಷ್ಟೇ ಇರಬೇಕೆಂಬುದಕ್ಕಿಂತ, ಅದು ಏಕಾಏಕಿ ಏರುಪೇರಾಗಬಾರದು ಎಂಬುದೇ ಮುಖ್ಯ.

ಮೇಣದ ಬತ್ತಿಯ ಮಸಿ, ಭಕ್ತರ ಕೈಯ ಜಿಡ್ಡು, ಮೆರವಣಿಗೆಯ ಕುಲುಕಾಟ ಇವೂ ಸೇರಿಕೊಳ್ಳುತ್ತವೆ. ಇವೆಲ್ಲಕ್ಕಿಂತ ಗುಟ್ಟಾಗಿ ಕೆಲಸ ಮಾಡುವ ಶತ್ರು ಮರ ಕೊರೆಯುವ ದುಂಬಿ. ಯೂರೋಪಿನಲ್ಲಿ ಸಾಮಾನ್ಯವಾದ ಅನೋಬಿಯಂ ಎಂಬ ಪುಟ್ಟ ದುಂಬಿಯ ಮರಿಹುಳು ಮರದೊಳಗೆ ಮೂರು ನಾಲ್ಕು ವರ್ಷ ತಿನ್ನುತ್ತ ಬೆಳೆಯುತ್ತದೆ. ಒಂದೂವರೆ, ಎರಡು ಮಿಲಿಮೀಟರ್ ಅಗಲದ ತೂತು ಕಂಡಿತೆಂದರೆ, ಬೆಳೆದ ದುಂಬಿ ಆಗಲೇ ಹೊರಬಿದ್ದಿದೆ ಎಂದರ್ಥ. ಹೊರಗೆ ಬಣ್ಣ ನೆಟ್ಟಗಿದ್ದರೂ ಒಳಗಿನ ಮರ ಸ್ಪಂಜಿನಂತೆ ಆಗಿರಬಹುದು.

ರೋಗಿಯಂತೆಯೇ ತಪಾಸಣೆ

ಇಂಥ ಮೂರ್ತಿಗೆ ಕೈ ಹಚ್ಚುವ ಮುನ್ನ ನಡೆಯುವ ತಪಾಸಣೆ ಆಸ್ಪತ್ರೆಯದನ್ನೇ ಹೋಲುತ್ತದೆ. ಎಕ್ಸ್‌-ರೇ ಚಿತ್ರದಲ್ಲಿ ಕಬ್ಬಿಣದ ಮೊಳೆ ಮತ್ತು ಸೀಸದ ಬಿಳುಪು ಬೆಳ್ಳಗೆ ಕಾಣುತ್ತವೆ, ಹುಳು ಕೊರೆದ ಸುರಂಗಗಳು ಕಪ್ಪಗೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ಎಷ್ಟು ಹಲಗೆ ಸೇರಿಸಿದ್ದಾರೆ, ಎಲ್ಲಿ ಟೊಳ್ಳಿದೆ ಎಂಬುದೆಲ್ಲ ಮೂರ್ತಿಯನ್ನು ಬಿಚ್ಚದೆಯೇ ತಿಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಕಿರಣ ಹಾಯಿಸಿದರೆ ಹಳೆಯ ವಾರ್ನಿಷ್ ಹಸಿರು ಛಾಯೆಯಲ್ಲಿ ಮಿನುಗುತ್ತದೆ. ಅದರ ಮೇಲೆ ಈಚೆಗೆ ಹಚ್ಚಿದ ಬಣ್ಣ ಕಪ್ಪು ಕಲೆಯಾಗಿ ಎದ್ದು ಕಾಣುತ್ತದೆ.

ಸಾಸಿವೆಗಿಂತ ಚಿಕ್ಕ ಬಣ್ಣದ ಚೂರೊಂದನ್ನು ಅಡ್ಡಲಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಪದರಗಳೆಲ್ಲ ಬಂಡೆಯ ಸ್ತರಗಳಂತೆ ಕಾಣುತ್ತವೆ. ಕಾಲನಿರ್ಣಯಕ್ಕೂ ಇದು ನೆರವಾಗುತ್ತದೆ. ಪ್ರಷ್ಯನ್ ನೀಲಿ ಎಂಬ ಬಣ್ಣ ಬರ್ಲಿನ್ನಿನಲ್ಲಿ ತಯಾರಾದದ್ದು ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ. ಟೈಟೇನಿಯಂ ಬಿಳುಪು ಬಳಕೆಗೆ ಬಂದದ್ದು 1920ರ ಸುಮಾರಿಗೆ. 1692ರ ಶಿಲ್ಪದ ಯಾವುದಾದರೂ ಪದರದಲ್ಲಿ ಟೈಟೇನಿಯಂ ಸಿಕ್ಕಿದರೆ, ಆ ಪದರವೂ ಅದರ ಮೇಲಿನವುಗಳೂ ಇಪ್ಪತ್ತನೆಯ ಶತಮಾನದವು ಎಂದು ಖಚಿತವಾಗಿ ಹೇಳಬಹುದು. ಹಳೆಯ ಮೂರ್ತಿಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಿದ್ದುದರಿಂದ, ಮೂಲದ ಬಣ್ಣ ಇಂಥ ನಾಲ್ಕೈದು ಪದರಗಳ ಅಡಿಯಲ್ಲಿ ಅಡಗಿರುವುದುಂಟು.

ಚಿಕಿತ್ಸೆ

ಮೊದಲು ಹುಳು. ಹಿಂದೆ ಡಿ.ಡಿ.ಟಿ.ಯಂಥ ಕೀಟನಾಶಕಗಳನ್ನು ಬಳಸುತ್ತಿದ್ದರು. ಮೀಥೈಲ್ ಬ್ರೋಮೈಡ್ ಅನಿಲವನ್ನೂ ಹಾಯಿಸುತ್ತಿದ್ದರು. ಅವು ಮನುಷ್ಯರಿಗೂ ಅಪಾಯಕಾರಿ. ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೂ ಕುತ್ತು. ಈಗ ಮೂರ್ತಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ, ಆಮ್ಲಜನಕವನ್ನು ಶೇಕಡಾ ಅರ್ಧಕ್ಕಿಂತಲೂ ಕೆಳಗಿಳಿಸಿ ಕೆಲವು ವಾರ ಬಿಡುತ್ತಾರೆ. ಹುಳು, ಮೊಟ್ಟೆ ಎಲ್ಲ ಸಾಯುತ್ತವೆ. ಬಣ್ಣಕ್ಕೆ ವಿಷ ಸೋಂಕುವುದಿಲ್ಲ. ಗೆಟ್ಟಿ ಸಂರಕ್ಷಣಾ ಸಂಸ್ಥೆ ಈ ವಿಧಾನದ ಬಗ್ಗೆ 1998ರಲ್ಲಿ ಪುಸ್ತಕವನ್ನೇ ಹೊರತಂದಿದೆ.

ಎದ್ದ ಬಣ್ಣವನ್ನು ಕೂರಿಸಲು ಸ್ಟರ್ಜನ್ ಎಂಬ ಮೀನಿನ ಗಾಳಿಚೀಲದಿಂದ ತೆಗೆದ ತೆಳು ಅಂಟನ್ನು ಸಣ್ಣ ಕುಂಚದಿಂದ ಬಿರುಕಿನೊಳಗೆ ಇಳಿಸಿ, ಉಗುರುಬೆಚ್ಚಗಿನ ಚಪ್ಪಟೆ ಉಪಕರಣದಿಂದ ಮೆಲ್ಲಗೆ ಒತ್ತುತ್ತಾರೆ. ಒಂದು ಅಂಗೈ ಅಗಲದ ಜಾಗಕ್ಕೆ ದಿನಗಳೇ ಹಿಡಿಯಬಹುದು.

ಕೊಳೆ ತೆಗೆಯುವಲ್ಲಿ ಒಂದು ಸ್ವಾರಸ್ಯವಿದೆ. ಎಷ್ಟೋ ಕಾಲದಿಂದ ಸಂರಕ್ಷಕರು ಹತ್ತಿಯ ಉಂಡೆಗೆ ತಮ್ಮ ಎಂಜಲನ್ನೇ ತಾಗಿಸಿ ಒರೆಸುತ್ತಿದ್ದರು. ಪೋರ್ಚುಗಲ್ಲಿನ ಮೂವರು ಸಂಶೋಧಕರು ಇದನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ 1990ರಲ್ಲಿ ಪ್ರಬಂಧ ಪ್ರಕಟಿಸಿದರು. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವವೇ ಈ ಗುಣಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಅನ್ನ ಅಗಿಯುವಾಗ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವೂ ಇದೇ. ಮೊದಲು ನಗಿಸಿ ನಂತರ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2018ರಲ್ಲಿ ಇದಕ್ಕೆ ಸಂದಿತು.

ಬಣ್ಣ ಪೂರ್ತಿ ಹೋದ ಕಡೆ ಏನು ಮಾಡಬೇಕು? ಈ ಬಗ್ಗೆ ಇಟಲಿಯ ಚೆಸಾರೆ ಬ್ರಾಂದಿ ಹಾಕಿಕೊಟ್ಟ ದಾರಿ ಹೆಸರಾಗಿದೆ. ಖಾಲಿ ಜಾಗವನ್ನು ನೀರಿನಲ್ಲಿ ಕರಗುವ ಬಣ್ಣದ ಸಣ್ಣ ಸಣ್ಣ ಗೆರೆಗಳಿಂದ ತುಂಬುವುದು. ದೂರದಿಂದ ಕಣ್ಣಿಗೆ ಕೊರತೆ ಕಾಣುವುದಿಲ್ಲ. ಹತ್ತಿರದಿಂದ ನೋಡಿದವರಿಗೆ ಇದು ಮೂಲದ್ದಲ್ಲ ಎಂದು ಗೊತ್ತಾಗುತ್ತದೆ. ನಾಳೆ ಇನ್ನೂ ಉತ್ತಮ ವಿಧಾನ ಬಂದರೆ ಅದನ್ನು ಅಳಿಸಲೂಬಹುದು. ಮೂಲಕ್ಕೆ ಧಕ್ಕೆಯಾಗಬಾರದು, ಮಾಡಿದ ಕೆಲಸ ಹಿಂದೆಗೆಯಲು ಬರಬೇಕು, ಮಾಡಿದ್ದೆಲ್ಲವೂ ದಾಖಲಾಗಬೇಕು: ಈ ವೃತ್ತಿಯ ನೀತಿ ಇಷ್ಟೇ.

ಒಳ್ಳೆಯ ಮನಸ್ಸು ಸಾಲದು

ಈ ನೀತಿ ಮರೆತರೆ ಏನಾಗುತ್ತದೆ ಎಂಬುದು 2018ರಲ್ಲಿ ಜಗತ್ತಿಗೇ ಕಂಡಿತು. ಉತ್ತರ ಸ್ಪೇನಿನ ಎಸ್ತೆಯ್ಯಾ ಪಟ್ಟಣದ ಸಂತ ಮಿಗೆಲ್ ಚರ್ಚಿನಲ್ಲಿ ಕುದುರೆಯೇರಿದ ಸಂತ ಜಾರ್ಜ್‌ನ ಮರದ ಮೂರ್ತಿಯಿದೆ. ಬರೋಕ್‌ಗಿಂತ ಹಳೆಯದು, ಹದಿನಾರನೆಯ ಶತಮಾನದ್ದು. ಇದಕ್ಕೂ ಚಿನ್ನದ ಮೇಲೆ ಬಣ್ಣದ ಕೆಲಸವಿತ್ತು. ಅದನ್ನು ಚೊಕ್ಕಟಗೊಳಿಸುವ ಕೆಲಸ ತಜ್ಞರಲ್ಲದವರ ಕೈಗೆ ಹೋಯಿತು. ಅವರು ಬಣ್ಣವನ್ನು ಕೆರೆದು, ಹೊಸ ಗಾರೆ ಮೆತ್ತಿ, ಗುಲಾಬಿ ಮುಖವನ್ನೂ ಬೂದು ಕವಚವನ್ನೂ ಬಳಿದಿದ್ದರು. ಮೂರ್ತಿ ಮಕ್ಕಳ ಆಟಿಕೆಯಂತೆ ಕಂಡಿತು. ಪತ್ರಿಕೆಗಳು ಓದುಗರನ್ನು ನಗಿಸಿದವು. ನವಾರ್ರಾ ಪ್ರಾಂತ್ಯದ ತಜ್ಞರು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಹೊಸ ಬಣ್ಣವನ್ನು ತೆಗೆದು, ಉಳಿದದ್ದನ್ನು ಕೂರಿಸಿ, 2019ರ ಹೊತ್ತಿಗೆ ಮೂರ್ತಿಯನ್ನು ಆದಷ್ಟೂ ಹಿಂದಿನ ರೂಪಕ್ಕೆ ತಂದರು. ಖರ್ಚು 30 ಸಾವಿರ ಯೂರೋ ದಾಟಿತು. ಆದರೆ ಕೆರೆದು ಹೋದ ಮೂಲ ಬಣ್ಣ ಯಾವ ಹಣಕ್ಕೂ ಹಿಂದೆ ಬರಲಿಲ್ಲ.

ಅಲ್ಲಿ ಯಾರಿಗೂ ಮೂರ್ತಿಯನ್ನು ಹಾಳುಮಾಡುವ ಉದ್ದೇಶವಿರಲಿಲ್ಲ. ಹಳತು ಚೆನ್ನಾಗಿ ಕಾಣಲಿ ಎಂಬ ಆಸೆಯಷ್ಟೇ ಇತ್ತು. ಕಾಣುವ ಮೇಲ್ಮೈಯ ಕೆಳಗೆ ಏನೆಲ್ಲ ಇದೆ ಎಂಬ ತಿಳಿವಳಿಕೆ ಇರಲಿಲ್ಲ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಬಣ್ಣದ ಮರದ ವಸ್ತುವೇನಾದರೂ ಇದ್ದವರೂ ಇದನ್ನು ನೆನಪಿಡುವುದು ಒಳ್ಳೆಯದು. ಒದ್ದೆ ಬಟ್ಟೆ, ಸೋಪು, ಹೊಸ ಪೇಂಟ್ ಇವುಗಳಿಗಿಂತ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದು ಬಿಸಿಲು, ತೇವ ತಾಗದ ಕಡೆ ಇಡುವುದೇ ಮೇಲು. ಬಣ್ಣ ಏಳುತ್ತಿದ್ದರೆ ಕುಂಚವನ್ನೂ ತಾಗಿಸಬಾರದು.

ಲುಯಿಸಾ ರೊಲ್ದಾನ್ ಆಸ್ಥಾನ ಶಿಲ್ಪಿಯಾಗಿದ್ದರೂ ಸಂಬಳ ಸರಿಯಾಗಿ ಕೈಸೇರುತ್ತಿರಲಿಲ್ಲ. ಹಣಕ್ಕಾಗಿ, ವಾಸಕ್ಕೊಂದು ಜಾಗಕ್ಕಾಗಿ ಆಕೆ ಅರಮನೆಗೆ ಬರೆದ ಅರ್ಜಿಗಳು ಉಳಿದಿವೆ. 1706ರಲ್ಲಿ ಬಡತನದಲ್ಲೇ ತೀರಿಕೊಂಡಳು. ರೋಮ್ ನಗರದ ಸಂತ ಲೂಕನ ಕಲಾ ಅಕಾಡೆಮಿ ಆಕೆಗೆ ಸದಸ್ಯತ್ವದ ಗೌರವ ಕೊಟ್ಟದ್ದೂ ಅದೇ ವರ್ಷ. ಆಕೆಯ ಎಷ್ಟೋ ಕೃತಿಗಳು ಬಹುಕಾಲ ತಂದೆಯ ಹೆಸರಿನಲ್ಲೋ ಬೇರೆಯವರ ಹೆಸರಿನಲ್ಲೋ ಇದ್ದವು. ಅವನ್ನು ಆಕೆಯ ಹೆಸರಿಗೆ ಮರಳಿಸಲು ವಿದ್ವಾಂಸರಿಗಿರುವ ಸಾಕ್ಷ್ಯ ಹಳೆಯ ಕಾಗದಪತ್ರಗಳು ಮತ್ತು ಆ ಮರ, ಆ ಬಣ್ಣ. ಕೆರೆದು ಹಾಕಿದ ಪದರದ ಜೊತೆ ಇಂಥ ಸಾಕ್ಷ್ಯವೂ ಹೋಗುತ್ತದೆ.

ಮಾಡಿ ನೋಡಿ

ಹಣ್ಣಿನ ಪೆಟ್ಟಿಗೆಯ ತೆಳು ಹಲಗೆಯ ಒಂದು ಚೌಕ ತುಂಡು ತೆಗೆದುಕೊಳ್ಳಿ. ಎಳೆಯ ಉದ್ದಕ್ಕೂ ಅಡ್ಡಕ್ಕೂ 10 ಸೆಂಟಿಮೀಟರ್ ಇರಲಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಎರಡೂ ಅಳತೆ ತೆಗೆಯಿರಿ. ಯಾವ ಕಡೆ ಹಿಗ್ಗಿದೆ? ಈಗ ನೀರು ಒರೆಸಿ, ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ಒಂದು ಬದಿಗೆ ತೆಳುವಾಗಿ ಬಳಿದು ನೆರಳಿನಲ್ಲಿ ಒಣಗಿಸಿ. ಆಮೇಲೆ ಒಂದು ದಿನ ಒದ್ದೆ ಬಟ್ಟೆಯ ಮೇಲೆ, ಮರುದಿನ ಬಿಸಿಲಿನಲ್ಲಿ, ಹೀಗೆ ಒಂದು ವಾರ ಇಡಿ. ಬಳಿದ ಬದಿ ಮೇಲಿರಲಿ. ಭೂತಗನ್ನಡಿಯಿಂದ ನೋಡಿ ಬಿರುಕುಗಳು ಎಳೆಯ ದಿಕ್ಕಿಗೆ ಓಡುತ್ತವೆಯೋ ಅಡ್ಡಕ್ಕೋ ಗುರುತು ಹಾಕಿಕೊಳ್ಳಿ. ಕಾರಣವನ್ನು ಈ ಲೇಖನದಲ್ಲಿರುವ ಅಂಕಿಗಳಿಂದಲೇ ಹುಡುಕಬಹುದು.